ಅಪ್‌ಡೇಟ್: ಡೆಬಿಯನ್ ಹೋಸ್ಟ್‌ನಲ್ಲಿ ಸೆಂಟ್‌ಒಎಸ್ 6 ಕಂಟೇನರ್ ಓಡಿತು
ಡೆಬಿಯನ್ ಲಿನಕ್ಸ್ ಓಡುವ ನನ್ನ ಯಂತ್ರದಲ್ಲಿ (ಹೋಸ್ಟ್), ಡಾಕರ್‌ನಲ್ಲಿ (ಪ್ರೋಗ್ರಾಂಗಳನ್ನು ಪ್ರತ್ಯೇಕ ಕಂಟೇನರ್‌ಗಳಲ್ಲಿ ಓಡಿಸುವ ಸಾಧನ) ಹಳೇ ಲಿನಕ್ಸ್ ಆದ ಸೆಂಟ್‌ಒಎಸ್ 6 ಶುರುವಾದ ತಕ್ಷಣ 139 ಕೋಡ್ ಕೊಟ್ಟು ಸಾಯುತ್ತದೆ, ಲಾಗ್ ಖಾಲಿ ಅಂತ ಕೇಳಿದ್ದೆ. 139 ಅಂದರೆ 128+11; ಸಿಗ್ನಲ್ 11 ಅಂದರೆ ಸೆಗ್‌ಫಾಲ್ಟ್, ಪ್ರೋಗ್ರಾಂ ಮುಟ್ಟಬಾರದ ಮೆಮೊರಿ ಮುಟ್ಟಿ ಸತ್ತಿದೆ. ಇಮೇಜ್ ಸರಿಯಾಗೇ ಇದೆ, ತಕರಾರು ಕರ್ನಲ್‌ನದ್ದು (ಲಿನಕ್ಸ್‌ನ ತಿರುಳು). ಕಂಟೇನರ್‌ಗೆ ಸ್ವಂತ ಕರ್ನಲ್ ಇರಲ್ಲವಲ್ಲ, ಹೋಸ್ಟ್‌ನದ್ದೇ ಗತಿ. ಸೆಂಟ್‌ಒಎಸ್ 6ರಲ್ಲಿನ ಹಳೇ ಜಿಲಿಬ್‌ಸಿ 2.12 (ಪ್ರೋಗ್ರಾಂಗಳು ಬಳಸುವ ಮೂಲ ಸಿ ಲೈಬ್ರರಿ) ಸಮಯ ಕೇಳಲು ವಿಸಿಸ್‌ಕಾಲ್ ಅನ್ನೋ ಹಳೇ ಮೆಮೊರಿ ಪುಟಕ್ಕೆ ಹಾರುತ್ತದೆ. ಡೆಬಿಯನ್ ಕರ್ನಲ್ ಆ ಪುಟವನ್ನೇ ಮುಚ್ಚಿಟ್ಟಿದೆ. ಹೋಸ್ಟ್‌ನ ಕರ್ನಲ್ ಲಾಗ್‌ನಲ್ಲಿ (dmesg) ‘ವಿಸಿಸ್‌ಕಾಲ್=ನನ್’ (vsyscall=none) ಅನ್ನೋ ಸಾಲು ಕಂಡರೆ ಇದೇ ರೋಗ.

ಪರಿಹಾರ: ಹೋಸ್ಟ್‌ನ ಗ್ರಬ್‌ನ (ಬೂಟ್ ಮಾಡಿಸುವ ಪ್ರೋಗ್ರಾಂ) ಕರ್ನಲ್ ಸಾಲಿಗೆ ‘ವಿಸಿಸ್‌ಕಾಲ್=ಎಮ್ಯುಲೇಟ್’ (vsyscall=emulate) ಸೇರಿಸಿ, ಅಪ್‌ಡೇಟ್-ಗ್ರಬ್ ಓಡಿಸಿ, ರೀಬೂಟ್ ಮಾಡಿ. ಡಾಕರ್ ಫ್ಲ್ಯಾಗ್‌ಗಳಿಂದ ಏನೂ ಆಗಲ್ಲ, ಪೂರ್ಣ ಅಧಿಕಾರ ಕೊಡುವ ಪ್ರಿವಿಲೆಜ್ಡ್ ಫ್ಲ್ಯಾಗ್ ಕೊಟ್ಟರೂ ಅಷ್ಟೇ. ಡಬ್ಲ್ಯೂಎಸ್‌ಎಲ್ 2 (ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ವ್ಯವಸ್ಥೆ) ಆದರೆ ಇದೇ ಕರ್ನಲ್ ಆಯ್ಕೆಯನ್ನು ಡಾಟ್-ಡಬ್ಲ್ಯೂಎಸ್‌ಎಲ್‌ಕಾನ್ಫಿಗ್ (.wslconfig) ಫೈಲಿಗೆ ಹಾಕಿ.

ಇನ್ನೊಂದು: ಸೆಂಟ್‌ಒಎಸ್ 6ರ ಆಯಸ್ಸು 2020ರ ನವೆಂಬರ್‌ಗೇ ಮುಗಿದಿದೆ. ಅದಕ್ಕೇ ಯಮ್ (ಪ್ಯಾಕೇಜ್ ಹಾಕುವ ಸಾಧನ) ಕೆಲಸ ಮಾಡಲು ಅದರ ರೆಪೊ ಫೈಲ್‌ಗಳಲ್ಲಿ ಮಿರರ್‌ಲಿಸ್ಟ್ ಸಾಲು ಕಾಮೆಂಟ್ ಮಾಡಿ, ಬೇಸ್‌ಯುಆರ್‌ಎಲ್ ಅನ್ನು ಹಳೇ ಆವೃತ್ತಿಗಳ ಸಂಗ್ರಹವಾದ ವಾಲ್ಟ್‌ನ 6.10 ಕಡೆ ತಿರುಗಿಸಬೇಕು.