ಪದ ಬೇಕು, ಅರ್ಜೆಂಟ್: ಕನ್ಸರ್ವೇಟಿವ್‌ಗೆ ಕನ್ನಡದಲ್ಲಿ ಏನಂತೀರಿ?

ಬಳ್ಳಾರಿ, ಬುಧವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆ ಫ್ಲೆಕ್ಸ್ ಪ್ರಿಂಟಿಗೆ ಕೊಡಬೇಕು, ಅಷ್ಟರೊಳಗೆ ಒಂದು ಪದ ಬೇಕು. ಇಲ್ಲೊಂದು ಕಾಲೇಜಿನಲ್ಲಿ ಶನಿವಾರ ಉಪನ್ಯಾಸ ಇದೆ. ವಿಷಯ ಕನ್ಸರ್ವೇಟಿವ್ ರಾಜಕೀಯ ಚಿಂತನೆ, ಅವರೊಳಗೆ ಯಾವುದಕ್ಕೆ ಒಪ್ಪಿಗೆ, ಯಾವುದಕ್ಕೆ ಜಗಳ ಅಂತ. ಇಂಗ್ಲಿಷ್ ಟಿಪ್ಪಣಿ ಹನ್ನೆರಡು ಪುಟ ಇದೆ, ಕನ್ನಡ ಮಾಡುವ ಕೆಲಸ ನನ್ನದು. ಹೆಸರಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

ದಯವಿಟ್ಟು ಸಂಪ್ರದಾಯವಾದಿ ಅಂತ ಬರೆದುಬಿಡಿ ಅನ್ನಬೇಡಿ. ಬರೆದು ನೋಡಿದೆ. ಎರಡನೇ ಪುಟದಲ್ಲೇ ಹಾಯೆಕ್ ಬರುತ್ತಾನೆ. ಸರ್ಕಾರ ಕೈ ಹಾಕಬೇಡ, ಮಾರುಕಟ್ಟೆಗೆ ಬಿಡು ಅನ್ನುವವನು. ನಾನು ಕನ್ಸರ್ವೇಟಿವ್ ಅಲ್ಲವೇ ಅಲ್ಲ ಅಂತ 1960ರಲ್ಲಿ ಒಂದು ಪ್ರಬಂಧವನ್ನೇ ಬರೆದಿಟ್ಟಿದ್ದಾನೆ, ಆದರೂ ಆ ಬಳಗದವರು ಅವನನ್ನು ಬಿಟ್ಟುಕೊಡುವುದಿಲ್ಲ. ಅವನ ಹೆಸರಿನ ಪಕ್ಕ ಸಂಪ್ರದಾಯವಾದಿ ಅಂತ ಹಾಕಿದರೆ ಓದುವವರಿಗೆ ಜುಟ್ಟು, ಜನಿವಾರ, ಮಡಿ ಕಣ್ಣಿಗೆ ಬರುತ್ತೆ. ಬಲಪಂಥೀಯ ಅನ್ನೋದು 1789ರಲ್ಲಿ ಫ್ರಾನ್ಸಿನ ಸಭೆಯಲ್ಲಿ ಯಾರು ಯಾವ ಕಡೆ ಕೂತರು ಅನ್ನೋದರಿಂದ ಬಂದ ಮಾತು. ಬಲಕ್ಕೆ ಕೂತವರೆಲ್ಲ ಇದ್ದದ್ದನ್ನು ಉಳಿಸುವವರಲ್ಲ, ಎಲ್ಲ ಕಿತ್ತು ಹಾಕುತ್ತೇನೆ ಅನ್ನುವವರೂ ಅಲ್ಲಿದ್ದಾರೆ ಅಲ್ವಾ?

ಕೊನೆಗೆ "ಸಂರಕ್ಷಣಾವಾದ" ಅಂತ ಹಾಕಿ ಫ್ಲೆಕ್ಸ್ ಅಂಗಡಿಗೆ ವಾಟ್ಸಾಪ್ ಮಾಡಿದೆ. ಅರ್ಧ ಗಂಟೆಗೆ ಡಿಸೈನ್ ಬಂತು. ಹಿಂದೆಲ್ಲ ಹಸಿರು, ಬಲಗಡೆ ಮೂಲೆಯಲ್ಲಿ ಒಂದು ಕರಡಿ. ಯಾಕಪ್ಪಾ ಅಂತ ಫೋನ್ ಮಾಡಿದರೆ, "ಅರಣ್ಯ ಇಲಾಖೆ ಪ್ರೋಗ್ರಾಮ್ ಅಲ್ವಾ ಮೇಡಂ? ದರೋಜಿ ಕರಡಿ ಹಾಕೀನಿ" ಅಂದ.

ಇನ್ನೊಂದು ಪದವೂ ಬೇಕು: ಫ್ಯೂಷನಿಸಂ. ಅಮೆರಿಕದಲ್ಲಿ ಫ್ರಾಂಕ್ ಮೇಯರ್ ಎಂಬುವನು ಮಾರುಕಟ್ಟೆಯವರನ್ನೂ ಧರ್ಮ, ನೀತಿ ಅನ್ನುವವರನ್ನೂ ಒಂದೇ ಗುಂಪಿಗೆ ಸೇರಿಸಲು ನೋಡಿದನಲ್ಲ, ಅದಕ್ಕೆ. ಪದ ಚಿಕ್ಕದಿರಲಿ, ಫ್ಲೆಕ್ಸ್ ಎಂಟೇ ಅಡಿ.

ರಾಯಚೂರು, ಬುಧವಾರ ಮಧ್ಯಾಹ್ನ

ಇಷ್ಟಕ್ಕೆ ಯಾಕೆ ಒದ್ದಾಡ್ತೀರಿ ಮೇಡಂ. ಉರ್ದು ಪೇಪರುಗಳಲ್ಲಿ ಸಲೀಸಾಗಿ ಖದಾಮತ್ ಪಸಂದ್ ಅಂತ ಬರೀತಾರೆ. ಹಳೆಯದನ್ನು ಮೆಚ್ಚುವವನು ಅಂತ. ವಾದವೂ ಇಲ್ಲ, ಪಂಥವೂ ಇಲ್ಲ, ಬರೀ ಇಷ್ಟ. ಮರಾಠಿಯವರು ಇನ್ನೂ ಜಾಣರು. ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷಕ್ಕೆ ಹುಜೂರ್ ಪಕ್ಷ ಅಂದರು, ಲೇಬರ್‌ನವರಿಗೆ ಮಜೂರ್ ಪಕ್ಷ. ಯಾರು ಕೂತವರು, ಯಾರು ನಿಂತವರು ಅಂತ ಪ್ರಾಸದಲ್ಲೇ ಗೊತ್ತಾಗುತ್ತೆ. ನಮ್ಮ ಊರು 1948ರ ತನಕ ನಿಜಾಮರ ಸೀಮೆ, ಹುಜೂರ್ ಅಂದರೆ ಏನು ಅಂತ ನಮ್ಮ ಅಜ್ಜನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಖದಾಮತ್ ತಿಳಿಯಲ್ಲ ಅನ್ನಿಸಿದರೆ "ಹಳೇಪಸಂದ್" ಅನ್ನಿ.

ಕೊಪ್ಪಳ, ಬುಧವಾರ ಸಂಜೆ

> ಹಳೇಪಸಂದ್

ಪಸಂದ್ ಕನ್ನಡ ಅಲ್ಲ. ಅಲ್ಲಿಗೆ ಮುಗೀತು.

ಮೂಲ ಲ್ಯಾಟಿನ್ ಪದದ ಅರ್ಥ ಕಾಯುವುದು, ಕಾದಿಡುವುದು. ನಮ್ಮಲ್ಲಿ ಕಾಯ್ ಇದೆ, ಹಳಗನ್ನಡದಲ್ಲಿ ಕಾಪು ಇದೆ. ಲೆಕ್ಕಿಗ, ಗಾಣಿಗ ಆದ ಹಾಗೆ ಕಾಪಿಗ. ಚಿಂತನೆಗೆ ಕಾಪಿಗತನ. ಅಮೆರಿಕದಲ್ಲಿ ನಿಯೋ, ಪೇಲಿಯೋ ಅನ್ನುವ ಬಣಗಳಿಗೆ ಹೊಸಗಾಪಿಗ, ಹಳಗಾಪಿಗ. ಒಂದು ಬೇರು ಹಿಡಿದರೆ ಹನ್ನೆರಡು ಪುಟವೂ ದಾಟುತ್ತೆ. "ವಾದಿ" ಬಾಲ ಎಲ್ಲಿ ಬಂದರೂ ಕತ್ತರಿಸಿ.

ಫ್ಯೂಷನಿಸಂಗೆ ಬೆಸುಗೆ. ಇದಕ್ಕೂ ಕೇಳಬೇಕಾ?

ಸಿರುಗುಪ್ಪ, ಬುಧವಾರ ರಾತ್ರಿ

ಅಣ್ಣಾ, ಕಾಪಿಗ ಅಂದರೆ ಕಾಪಿ ಹೊಡೆಯುವವನು. ಪರೀಕ್ಷೆ ಹತ್ತಿರ ಬಂದಿದೆ, "ಕಾಪಿಗರಲ್ಲಿ ಒಮ್ಮತ" ಅಂತ ಕಾಲೇಜ್ ಗೇಟಿಗೆ ಎಂಟಡಿ ಫ್ಲೆಕ್ಸ್ ಕಟ್ಟಿದರೆ ಪ್ರಿನ್ಸಿಪಾಲರ ಗತಿ ಏನು? ಅದೂ ಅಲ್ಲದೆ ಆಂಧ್ರದ ಗಡಿಯಲ್ಲಿ ಕಾಪು ಅಂದರೆ ಒಂದು ಜಾತಿಯ ಹೆಸರು. ಚುನಾವಣೆ ಮೀಟಿಂಗ್ ಅಂದ್ಕೊಂಡು ಜನ ಬಂದುಬಿಟ್ಟಾರು.

ಸಿಂಧನೂರು, ಬುಧವಾರ ತಡರಾತ್ರಿ

ಬರೀ ಬೇರು ಅಗೆಯುತ್ತಾ ಕೂತರೆ ಆಗಲ್ಲ, ಅವರು ಹೇಳೋದೇನು ಅಂತ ಮೊದಲು ನೋಡೋಣ.

2024ರ ಆಗಸ್ಟಿನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋಯಿತಲ್ಲ. ಅವತ್ತು ನಮ್ಮ ಕಡೆ ಯಾರೂ ಡ್ಯಾಂ ಕೆಡವಿ ಹೊಸದು ಕಟ್ಟಿ ಅನ್ನಲಿಲ್ಲ. ನೀರು ಹರಿಯುತ್ತಿದ್ದಾಗಲೇ ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್ ಅನ್ನುವ ತಾತ್ಕಾಲಿಕ ತಡೆ ಇಳಿಸಿದರು, ಬೆಳೆ ಉಳಿಯಿತು. ಬ್ರಿಟನ್ನಿನ ಸಂಸದ ಎಡ್ಮಂಡ್ ಬರ್ಕ್ 1790ರಲ್ಲಿ ಫ್ರಾನ್ಸಿನ ಕ್ರಾಂತಿಯವರಿಗೆ ಹೇಳಿದ್ದು ಹೆಚ್ಚುಕಮ್ಮಿ ಇದೇ. ನಿಮ್ಮ ಮನೆ ಸೋರುತ್ತೆ ಸರಿ, ರಿಪೇರಿ ಮಾಡಿ, ಅಡಿಪಾಯ ಕೀಳಬೇಡಿ. ಬದಲಾವಣೆಯೇ ಬೇಡ ಅಂದವನಲ್ಲ ಅವನು. ಅಮೆರಿಕದ ವಸಾಹತಿನವರ ಪರ ಮಾತಾಡಿದ, ಇಲ್ಲಿ ಲೂಟಿ ಮಾಡಿದ ಅಂತ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್ ಮೇಲೆ ವರ್ಷಗಟ್ಟಲೆ ವಿಚಾರಣೆ ನಡೆಸಿದ. ಅದಕ್ಕೇ ಯಥಾಸ್ಥಿತಿವಾದಿ ಅನ್ನೋದೂ ತಪ್ಪು. ಎಲ್ಲವನ್ನೂ ಒಂದೇ ಏಟಿಗೆ ಹೊಸದು ಮಾಡುತ್ತೇನೆ ಅನ್ನುವವರನ್ನು ನಂಬಬೇಡಿ, ಈ ಬಳಗಕ್ಕೆಲ್ಲ ಒಪ್ಪಿಗೆ ಇರೋದು ಇಷ್ಟಕ್ಕೆ.

ಜಗಳ ಆಮೇಲೆ ಶುರು. ಇರೋ 33 ಗೇಟಲ್ಲಿ ಒಂದನ್ನು ಬದಲಿಸಬೇಕಾ, 33ನ್ನೂ ಬದಲಿಸಬೇಕಾ? ದುಡ್ಡು ಯಾರದ್ದು? ಬ್ರಿಟನ್ನಿನಲ್ಲಿ 1846ರಲ್ಲಿ ಇದೇ ಆಯಿತು. ಹೊರಗಿನ ಧಾನ್ಯದ ಮೇಲಿನ ಸುಂಕವನ್ನು ಅವರದೇ ಪ್ರಧಾನಿ ರಾಬರ್ಟ್ ಪೀಲ್ ತೆಗೆದರು, ಜಮೀನ್ದಾರರು ತಿರುಗಿಬಿದ್ದರು, ಪಕ್ಷ ಎರಡು ಹೋಳಾಯಿತು. ಹೊರಗಿನ ಕಾಳು ಅಗ್ಗಕ್ಕೆ ಬಂದರೆ ಏನಾಗುತ್ತೆ ಅಂತ ನಮ್ಮ ಭತ್ತದವರಿಗೆ ಬಿಡಿಸಿ ಹೇಳಬೇಕಿಲ್ಲ. ವ್ಯಾಪಾರ ಮುಕ್ತವಾಗಿರಲಿ ಅನ್ನುವವನೂ ನನ್ನ ಹೊಲ ಉಳಿಯಲಿ ಅನ್ನುವವನೂ ಇಬ್ಬರೂ ಕನ್ಸರ್ವೇಟಿವ್ವೇ.

ನನ್ನ ಮತ ರೂಢಿವಾದಕ್ಕೆ. ರೂಢಿ ಬಂದಿರೋದು ರುಹ್ ಧಾತುವಿನಿಂದ, ಬೆಳೆಯುವುದು ಅಂತ ಅರ್ಥ. ಯಾರೋ ಕೂತು ಬರೆದದ್ದಲ್ಲ, ತಾನಾಗಿ ಬೆಳೆದು ಬಂದದ್ದು. ಬರ್ಕ್‌ಗೆ ಇದಕ್ಕಿಂತ ಒಳ್ಳೇ ಪದ ಸಿಗಲ್ಲ.

ಕೊಪ್ಪಳ, ಗುರುವಾರ ಬೆಳಿಗ್ಗೆ

ರೂಢಿವಾದಿ ಹಿಂದಿ ಪದ. ದೆಹಲಿಯ ಚಾನೆಲ್ ನೋಡಿ ಕನ್ನಡ ಕಟ್ಟಬೇಡಿ.

ಸಿಂಧನೂರು, ಗುರುವಾರ ಬೆಳಿಗ್ಗೆ

ರೂಢಿ ಹಿಂದಿಯಾ? ನಿಮ್ಮ ಮನೇಲಿ ಮಕ್ಕಳಿಗೆ "ಬೇಗ ಏಳೋದು ರೂಢಿ ಮಾಡ್ಕೋ" ಅನ್ನೋದಿಲ್ವಾ? ಹಿಂದಿಯಲ್ಲಿ ಅದು ಬೈಗುಳ, ಕಂದಾಚಾರದವನು ಅಂತ. ಕನ್ನಡದಲ್ಲಿ ಅದಕ್ಕೆ ಆ ಕಳಂಕ ಇಲ್ಲ. ಅವರು ಕೆಡಿಸಿದರು ಅಂತ ನಮ್ಮದನ್ನು ನಾವು ಬಿಡಬೇಕಾ? ಖದಾಮತ್ ಬೇಡ ಅಂದಿರಿ, ರೂಢಿ ಬೇಡ ಅಂದಿರಿ. ನೀವು ಕೂತಿರೋ ಕುರ್ಚಿಯೂ ಹೊರಗಿಂದ ಬಂದ ಮಾತೇ, ನಿಂತು ಟೈಪ್ ಮಾಡ್ತೀರಾ?

ರಾಯಚೂರು, ಗುರುವಾರ ಬೆಳಿಗ್ಗೆ

ಖಾಲಿ ಕುರ್ಚಿ ನನಗೆ ಕೊಡಿ. ಒಂದು ಗಮನಿಸಿ, ಕೊಪ್ಪಳದ ಸರ್ ಇಲ್ಲಿ ಎಲ್ಲರಿಗಿಂತ ದೊಡ್ಡ ಕನ್ಸರ್ವೇಟಿವ್. ಇನ್ನೊಂದು, ಆ ಪಕ್ಷದ ಹಳೇ ಹೆಸರು ಟೋರಿ ಐರಿಷ್ ಭಾಷೆಯಿಂದ ಬಂದದ್ದು, ದರೋಡೆಕೋರ ಅಂತ ಅರ್ಥ. ವಿರೋಧಿಗಳು ಬೈದ ಹೆಸರನ್ನೇ ಇಟ್ಟುಕೊಂಡು ಮೆರೆದರು. ಬೇರು ಹಿಡಿದು ಹೊರಟರೆ ಅಲ್ಲಿಗೆ ಹೋಗಿ ನಿಲ್ತೀರಿ.

ಗಂಗಾವತಿ, ಗುರುವಾರ ಮಧ್ಯಾಹ್ನ

ಇಂಗ್ಲೆಂಡು ಸಾಕು. ನಮ್ಮಲ್ಲೇ ಇದ್ದ ಉದಾಹರಣೆ ಯಾರಿಗೂ ನೆನಪಾಗಲಿಲ್ಲ. ಬಳ್ಳಾರಿ ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ, ಅಲ್ಲಿಯ ತನಕ ಮದ್ರಾಸಿನಲ್ಲಿತ್ತು. ಆಗ ಮದ್ರಾಸಿನ ಮುಖ್ಯಮಂತ್ರಿ ರಾಜಾಜಿ. ಅಂದರೆ ಮೇಡಂ, ನಿಮ್ಮೂರಿಗೂ ಅವರೇ ಮುಖ್ಯಮಂತ್ರಿ. 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿದರು. ಪರ್ಮಿಟ್, ಲೈಸೆನ್ಸ್ ಹಾವಳಿ ಸಾಕು, ಸಹಕಾರಿ ಬೇಸಾಯದ ಹೆಸರಲ್ಲಿ ರೈತನ ಜಮೀನಿಗೆ ಕೈ ಹಾಕಬೇಡಿ ಅಂದರು. 1951ರಲ್ಲಿ ಶುರುವಾದ ಜನಸಂಘ ಸಂಸ್ಕೃತಿ, ಸ್ವದೇಶಿ ಅಂತಿತ್ತು. ಇಬ್ಬರಿಗೂ ಕಾಂಗ್ರೆಸ್ಸಿನ ಸಮಾಜವಾದ ಆಗಿಬರುತ್ತಿರಲಿಲ್ಲ, ಆದರೆ ಒಬ್ಬರ ಮನೆಯಲ್ಲಿ ಇನ್ನೊಬ್ಬರು ಬಾಳುವಂತಿರಲಿಲ್ಲ. 1967ರ ಲೋಕಸಭೆಯಲ್ಲಿ ಸ್ವತಂತ್ರ ಪಕ್ಷಕ್ಕೆ 44 ಸೀಟು, ಜನಸಂಘಕ್ಕೆ 35. 1971ರಲ್ಲಿ ಒಟ್ಟಿಗೆ ನಿಂತರು, ಇಬ್ಬರೂ ಸೋತರು.

ರಾಜಾಜಿ ನಿತ್ಯ ಗೀತೆ ಓದುವ ಮನುಷ್ಯ, ಅವರನ್ನು ಸಂಪ್ರದಾಯಸ್ಥ ಅನ್ನಬಹುದು. ಉದಾರವಾದಿ ಮೀನೂ ಮಸಾನಿಯೂ ಅದೇ ಪಕ್ಷ, ಅವರನ್ನು ಹಾಗನ್ನೋಕಾಗುತ್ತಾ? ಒಂದೇ ಪಕ್ಷದ ಇಬ್ಬರಿಗೆ ಒಂದು ಪದ ಸಾಲದಿದ್ದಾಗ ಇನ್ನೂರು ವರ್ಷದ ಬಳಗಕ್ಕೆ ಒಂದು ಪದ ಹುಡುಕೋದು ಹುಚ್ಚು. ಇಂಗ್ಲಿಷ್ ಹೆಸರನ್ನೇ ಬಿಡಿ.

ಕೊಪ್ಪಳ, ಗುರುವಾರ ಮಧ್ಯಾಹ್ನ

ಸೋಮಾರಿತನಕ್ಕೆ ಇಷ್ಟುದ್ದ ಇತಿಹಾಸ ಬೇಕಿರಲಿಲ್ಲ.

ಬಳ್ಳಾರಿ, ಗುರುವಾರ ರಾತ್ರಿ

ಫ್ಲೆಕ್ಸ್ ಹೋಯಿತು. "ಕನ್ಸರ್ವೇಟಿವ್ ಚಿಂತನೆ: ಬೆಸುಗೆ ಮತ್ತು ಬಿರುಕು" ಅಂತ ಹಾಕಿಸಿದೆ. ಮೊದಲ ಪದ ಗಂಗಾವತಿಯವರ ಮಾತಿನಂತೆ ಬಿಟ್ಟೆ, ಎರಡನೆಯದು ಕೊಪ್ಪಳದ ಸರ್ ಕೊಟ್ಟದ್ದು. ಸರ್, ನಿಮ್ಮ ಕಾಪಿಗನನ್ನು ತಗೊಳ್ಳಲಿಲ್ಲ, ಬೇಜಾರು ಬೇಡ, ಬೆಸುಗೆ ಮಾತ್ರ ಇಡೀ ಟಿಪ್ಪಣಿಯನ್ನು ಎತ್ತಿಹಿಡಿಯಿತು. ಅಂಗಡಿ ಪಕ್ಕದಲ್ಲೇ ಒಬ್ಬ ಟ್ರಾಕ್ಟರ್ ಟ್ರೈಲರ್‌ಗೆ ವೆಲ್ಡಿಂಗ್ ಮಾಡುತ್ತಿದ್ದ. ಹಳೇ ಕೀಲಿನ ಹತ್ತಿರ ಬೆಳ್ಳಗೆ ಗೆರೆ ಎದ್ದಿತ್ತು. ಏನಾಯ್ತು ಅಂತ ಕೇಳಿದೆ. "ಬೆಸುಗೆ ಬಿಟ್ಟೈತ್ರಿ, ಎರಡು ಬೇರೆ ಬೇರೆ ಕಬ್ಬಿಣ" ಅಂದ. ಮೇಯರ್‌ನ ಬೆಸುಗೆ ನಿಂತಿದ್ದು ಕಮ್ಯುನಿಸಂ ಅನ್ನೋ ಶತ್ರು ಇದ್ದಷ್ಟು ದಿನ. 1991ರಲ್ಲಿ ಸೋವಿಯತ್ ಒಡೆಯಿತು, ಬೆಸುಗೆ ಬಿಟ್ಟಿತು. 2003ರಲ್ಲಿ ಇರಾಕಿಗೆ ಯುದ್ಧಕ್ಕೆ ಹೋಗಬೇಕಾ ಬೇಡವಾ ಅಂತ ಹೊಸಬರೂ ಹಳಬರೂ ಬಹಿರಂಗವಾಗೇ ಕಚ್ಚಾಡಿದರು. ಆ ಪುಟಕ್ಕೆ ಹೊಸ ಬಣ, ಹಳೇ ಬಣ ಅಂತಲೇ ಬರೆದೆ, ಓದೋದಕ್ಕೆ ತಡೆ ಆಗಲಿಲ್ಲ. ಬರ್ಕ್ ಬರುವ ಕಡೆ ರೂಢಿ ಅಂತ ಬಳಸಿದ್ದೇನೆ, ವಾದ ಸೇರಿಸಿಲ್ಲ.

ಕರಡಿ ತೆಗೆಸಿದೆ. ಹಸಿರು ಹಾಗೇ ಇದೆ, ಬದಲಿಸಿದರೆ ಇನ್ನೂರು ಜಾಸ್ತಿ ಅಂದ.

ಕೊಪ್ಪಳ, ಗುರುವಾರ ರಾತ್ರಿ

ಕನ್ಸರ್ವೇಟಿವ್ ಅಲ್ಲ, ಕನ್ಸರ್ವೆಟಿವ್. ಇಂಗ್ಲಿಷಿನಲ್ಲಿ ಅಲ್ಲಿ ದೀರ್ಘ ಇಲ್ಲ.