ಮಗ ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಂಡು ತಿರುಗುತ್ತಾನೆ. ಇದು ಭಯವಾ, ಮುಂಜಾಗ್ರತೆಯಾ?

ಹೆಬ್ರಿ ಕಡೆಯವಳು:
ತವರು ಹೆಬ್ರಿ ಹತ್ತಿರ, ಈಗ ಇರುವುದು ಉಡುಪಿಯಲ್ಲಿ. ಮಗ, ಸೊಸೆ ಹ್ಯೂಸ್ಟನ್‌ನಲ್ಲಿದ್ದಾರೆ, ಗ್ರೀನ್ ಕಾರ್ಡ್ ಆಗಿದೆ. ಬೇಸಿಗೆಯಲ್ಲಿ ಮೂರು ತಿಂಗಳು ಅಲ್ಲಿದ್ದೆ. ಒಂದು ದಿನ ಸಾಮಾನು ತರಲು ಹೋದಾಗ ಅವನು ಹಾಲಿನ ಕ್ಯಾನ್ ಎತ್ತಲು ಬಗ್ಗಿದ. ಅಂಗಿ ಮೇಲೆ ಹೋಯಿತು. ಸೊಂಟದಲ್ಲಿ ಕಪ್ಪು ಪಿಸ್ತೂಲು! ನನ್ನ ಕೈಕಾಲು ತಣ್ಣಗಾಯಿತು. ಕೇಳಿದರೆ, "ಇಲ್ಲಿ ಮಾಮೂಲಿ ಅಮ್ಮ, ಟೆಕ್ಸಾಸ್‌ನಲ್ಲಿ 2021ರಿಂದ ಪರ್ಮಿಟ್ ಕೂಡ ಬೇಡ. ಸೀಟ್ ಬೆಲ್ಟ್ ಹಾಕಿದ ಹಾಗೆ" ಎಂದ.

ಕೋವಿ ನನಗೆ ಹೊಸತಲ್ಲ. ಅಪ್ಪನ ಹತ್ತಿರ ಬೆಳೆ ರಕ್ಷಣೆಯ ಲೈಸೆನ್ಸಿನ ಒಂಟಿ ನಳಿಗೆ ಕೋವಿ ಇತ್ತು. ಗದ್ದೆಗೆ ಹಂದಿ ಇಳಿದರೆ ಗಾಳಿಗೆ ಒಂದು ಈಡು. ಆಮೇಲೆ ಎಣ್ಣೆ ಬಟ್ಟೆಯಲ್ಲಿ ಒರೆಸಿ, ಒಳಗಿಟ್ಟು ಬೀಗ. ಚುನಾವಣೆ ಬಂದರೆ ಸ್ಟೇಷನ್ನಿಗೆ ಕೊಟ್ಟು ರಶೀದಿ ತರುತ್ತಿದ್ದರು. ಅಪ್ಪ ಕೋವಿ ಹಿಡಿದು ಪೇಟೆಗೆ ಹೋದದ್ದು ಅದಕ್ಕೆ ಮಾತ್ರ.

ಮಗನದ್ದು ಭಯ ಅಂತಲೇ ನನಗೆ ಅನಿಸುತ್ತದೆ. ನಾನು ಯೋಚಿಸುವುದು ತಪ್ಪಾ?

ಚಿನ್ನದ ಕೆಲಸದವ, ಮಂಗಳೂರು:
ಅಕ್ಕಾ, ಭಯಪಡುವುದು ತಪ್ಪಲ್ಲ ಮಾರಾಯ್ರೇ. ಒಂದು ರಾತ್ರಿ ಅಂಗಡಿ ಮುಚ್ಚಿ ಹೋಗುವಾಗ ಇಬ್ಬರು ಬೈಕಿನಲ್ಲಿ ಮನೆವರೆಗೂ ಹಿಂದೆ ಬಂದರು. ಮರುವಾರ ಪಿಸ್ತೂಲಿಗೆ ಅರ್ಜಿ ಹಾಕಿದೆ. ಯಾರಿಂದ ಅಪಾಯ ಅಂತ ಪೊಲೀಸ್ ವಿಚಾರಣೆ, ತರಬೇತಿ, ಡಾಕ್ಟರ ಸರ್ಟಿಫಿಕೇಟು, ಎಲ್ಲ ಆಗಿ ಲೈಸೆನ್ಸ್ ಸಿಕ್ಕಿತು. ಎರಡು ವರ್ಷ ಇಟ್ಟುಕೊಂಡು ತಿರುಗಿದೆ. ಬೈಕಿನ ಸದ್ದು ಕೇಳಿದರೆ ಸಾಕು, ಕೈ ಸೊಂಟಕ್ಕೆ ಹೋಗುತ್ತಿತ್ತು. ಒಂದು ದಿನ ಕತ್ತಲಲ್ಲಿ ಯಾರೋ ಹಿಂದಿನಿಂದ ಭುಜ ಮುಟ್ಟಿದರು. ತಿರುಗುವಷ್ಟರಲ್ಲಿ ಪಿಸ್ತೂಲು ಅರ್ಧ ಹೊರಗೆ. ನೋಡಿದರೆ ನಮ್ಮ ಅಂಗಡಿ ಹುಡುಗ! ನಾನು ಮರೆತ ಕೀ ಗೊಂಚಲು ಹಿಡಿದು ಓಡಿ ಬಂದಿದ್ದ. ಆ ರಾತ್ರಿ ನಿದ್ದೆ ಬರಲಿಲ್ಲ. ಈಗ ಏಳು ಗಂಟೆಗೇ ಮುಚ್ಚುತ್ತೇನೆ, ಇಬ್ಬರು ಜೊತೆಯಾಗಿ ಹೋಗುತ್ತೇವೆ.

ಸುರತ್ಕಲ್‌ನಿಂದ ಡಲ್ಲಾಸ್:
ಅಮ್ಮಾ, ಇಲ್ಲಿ ಯಾರ ಸೊಂಟದಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಹಾಗಾಗಿ ನಿಮ್ಮ ಮಗನನ್ನು ಪುಕ್ಕಲ ಅನ್ನಲು ನನಗೆ ಮನಸ್ಸಿಲ್ಲ. ಆದರೆ ನನಗೆ ಹೊರಗಿನ ಕಳ್ಳನಿಗಿಂತ ಮನೆಯೊಳಗಿನದ್ದೇ ಚಿಂತೆ. ಅಮೆರಿಕದಲ್ಲಿ ಬಂದೂಕಿನಿಂದ ಆಗುವ ಸಾವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆತ್ಮಹತ್ಯೆಗಳು. ಒಂದು ಕೆಟ್ಟ ರಾತ್ರಿ ಅದು ಕೈಗೆಟಕುವಲ್ಲಿ ಇದ್ದರೆ ಮುಗಿಯಿತು. ಮನೆಯಲ್ಲಿ ಮಕ್ಕಳಿದ್ದಾರಾ? ತುಂಬಿದ ಬಂದೂಕು ಭದ್ರವಾಗಿ ಇಡದೆ ಅದು ಮಗುವಿನ ಕೈಗೆ ಸಿಕ್ಕಿದರೆ ಟೆಕ್ಸಾಸ್‌ನಲ್ಲೂ ಅಪರಾಧ.

ಹೆಬ್ರಿ ಕಡೆಯವಳು:
ಮೊಮ್ಮಗಳಿಗೆ ನಾಲ್ಕು ವರ್ಷ. ರಾತ್ರಿ ಪಿಸ್ತೂಲು ಮಂಚದ ಪಕ್ಕದ ಡ್ರಾಯರಿಗೆ ಹೋಗುತ್ತಿತ್ತು. ಅದಕ್ಕೆ ಬೀಗ ಹಾಕಿದ್ದು ನಾನು ಒಂದು ದಿನವೂ ನೋಡಲಿಲ್ಲ. ಇವತ್ತು ರಾತ್ರಿ ಎಂಟಕ್ಕೆ ಫೋನ್ ಮಾಡುತ್ತೇನೆ, ಅವನಿಗೆ ಆಗ ಬೆಳಿಗ್ಗೆ. ಭಯವಾ ಅಂತ ಕೇಳುವುದಿಲ್ಲ. ಆ ಡ್ರಾಯರಿನ ವಿಷಯ ಮೊದಲು.