ಪ್ರೇರಿ ಡಾಗ್ ಬೇಟೆ: ಯಾವ ರೈಫಲ್‌ಗೆ ಯಾವ ಸ್ಕೋಪ್?

ನಮಸ್ಕಾರ. ಪೂರ್ವ ಕೊಲೊರಾಡೋದಲ್ಲಿದ್ದೇನೆ. ಸ್ನೇಹಿತರ ರ‍್ಯಾಂಚ್ ತುಂಬ ಪ್ರೇರಿ ಡಾಗ್ (ನಾಯಿಯಲ್ಲ, ಅಳಿಲಿನ ಜಾತಿಯ ಸಣ್ಣ ಪ್ರಾಣಿ) ಬಿಲಗಳು, ಬಂದು ಹೊಡಿ ಅಂತ ಕರೆಯುತ್ತಿದ್ದಾರೆ. ನನ್ನ ಹತ್ತಿರ .22 ಎಲ್‌ಆರ್ (ಸಣ್ಣ ತೋಟಾದ ರೈಫಲ್) ಒಂದು, ಅದಕ್ಕಿಂತ ಜೋರಾದ .223 ಬೋಲ್ಟ್ ರೈಫಲ್ ಒಂದು ಇವೆ. 6-24 ಪವರ್ ಸ್ಕೋಪ್ (6ರಿಂದ 24 ಪಟ್ಟು ದೊಡ್ಡದಾಗಿ ತೋರಿಸುವುದು) ಒಂದೇ ಕೊಂಡು ಎರಡಕ್ಕೂ ಬದಲಾಯಿಸಿ ಹಾಕಿಕೊಳ್ಳಬಹುದಾ? ಅನುಭವ ಇದ್ದವರು ಹೇಳಿ.

*

ಹಾಕಬಹುದು, ಆದರೆ ಬಿಚ್ಚಿ ಹಾಕಿದಾಗಲೆಲ್ಲ ಝೀರೋ, ಅಂದರೆ ಗುರಿ ಇಟ್ಟಲ್ಲೇ ಗುಂಡು ಬೀಳುತ್ತದಾ ಅಂತ, ನೋಡಿಕೊಳ್ಳಬೇಕು. ಅದಕ್ಕೆ ಸುಡುವ ತೋಟಾದ ದುಡ್ಡಿಗೇ ಇನ್ನೊಂದು ಸಾಧಾರಣ ಸ್ಕೋಪ್ ಬರುತ್ತದೆ.

ನಾನೂ ಮೊದಲು ಪವರ್ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂದುಕೊಂಡಿದ್ದೆ. ಜುಲೈ ಮಧ್ಯಾಹ್ನ ಬಯಲಲ್ಲಿ 24ಕ್ಕೆ ತಿರುಗಿಸಿ ನೋಡಿ. ಬಿಸಿಲ ಝಳದಲ್ಲಿ ಪ್ರಾಣಿ ನೀರೊಳಗೆ ಇದ್ದಂತೆ ಅಲುಗುತ್ತದೆ. ಕೊನೆಗೆ 12ರಲ್ಲೇ ಹೊಡೆಯುತ್ತೀರಿ. ಸಂಜೆಗೆ ಇನ್ನೊಂದು ತೊಂದರೆ. ಮುಂದಿನ ಗಾಜಿನ ಅಗಲವನ್ನು ಪವರ್‌ನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಿಂಡಿ ಎಷ್ಟಗಲ ಅಂತ ಗೊತ್ತಾಗುತ್ತದೆ. 50 ಮಿ.ಮೀ. ಗಾಜು, 25 ಪವರ್ ಅಂದರೆ ಬರೀ 2 ಮಿ.ಮೀ. ಕತ್ತಲು ಕತ್ತಲು ಅನ್ನಿಸುತ್ತದೆ. .223ಗೆ 4-16 ಸಾಕು. ನನ್ನ ಮಟ್ಟಿಗೆ ಅದೂ ಧಾರಾಳ.

.22ಗೆ ನೋಡಬೇಕಾದದ್ದು ಪವರ್ ಅಲ್ಲ, ಪ್ಯಾರಲಾಕ್ಸ್, ಅಂದರೆ ಕಣ್ಣು ಸರಿದಾಗ ಕ್ರಾಸ್‌ಹೇರ್ ಸರಿದಂತೆ ಕಾಣುವ ದೋಷ. ದೊಡ್ಡ ರೈಫಲ್‌ನ ಸಾದಾ ಸ್ಕೋಪ್‌ಗಳನ್ನು ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿರುತ್ತಾರೆ. ರಿಮ್‌ಫೈರ್ (.22ನಂಥ ಸಣ್ಣ ತೋಟಾದ ರೈಫಲ್) ಸ್ಕೋಪ್ ಆದರೆ 50-60 ಗಜಕ್ಕೆ. ನೂರರದ್ದನ್ನು ಹಾಕಿ 30 ಗಜದಲ್ಲಿ ನೋಡಿದರೆ, ಕಣ್ಣು ಸ್ವಲ್ಪ ಆಚೀಚೆ ಆದರೂ ಕ್ರಾಸ್‌ಹೇರ್ ಗುರಿಯ ಮೇಲೆ ಜಾರುತ್ತದೆ. ಕೈ ನಡುಗಿತು ಅಂತ ನಿಮ್ಮನ್ನೇ ಬೈದುಕೊಳ್ಳುತ್ತೀರಿ! ರಿಮ್‌ಫೈರ್‌ನ 3-9 ತಗೊಳ್ಳಿ, ಇಲ್ಲ ದೂರಕ್ಕೆ ತಕ್ಕಂತೆ ಪ್ಯಾರಲಾಕ್ಸ್ ಸರಿ ಮಾಡಿಕೊಳ್ಳುವ ಸೈಡ್ ಫೋಕಸ್ ಇರುವುದು.

ಅಭ್ಯಾಸ ಪೂರ್ತಿ .22ನಲ್ಲೇ ಮಾಡಿ. 50 ಗಜಕ್ಕೆ ಝೀರೋ ಮಾಡಿದರೆ ಗುಂಡು 100 ಗಜದಲ್ಲಿ ಸುಮಾರು 6 ಇಂಚು ಕೆಳಗೆ ಬೀಳುತ್ತದೆ. ಕಾಲು ಎಂಒಎ (ಒಂದು ಎಂಒಎ ಅಂದರೆ 100 ಗಜದಲ್ಲಿ ಸುಮಾರು ಒಂದು ಇಂಚು) ಕ್ಲಿಕ್ಕಿನ ಸ್ಕೋಪ್‌ನಲ್ಲಿ ಅದು 24 ಕ್ಲಿಕ್. ಗಂಟೆಗೆ 10 ಮೈಲಿ ಅಡ್ಡಗಾಳಿ ಇದ್ದರೆ ನಾಲ್ಕೈದು ಇಂಚು ಪಕ್ಕಕ್ಕೂ ಹೋಗುತ್ತದೆ. .223 ಹೆಚ್ಚುಕಮ್ಮಿ ಅಷ್ಟು ಸರಿಯುವುದು 200 ಗಜದಲ್ಲಿ. ಹಾಗಾಗಿ ಗಾಳಿ ಓದುವುದನ್ನು ಅಗ್ಗದ ತೋಟಾದಲ್ಲೇ ಕಲಿಯಬಹುದು. ಬೆಂಚ್ ಮೇಲೆ ಬೇಡ. ಮಲಗಿ, ಕೂತು, ಕೋಲಿಗೆ ಆನಿಸಿ ಹೊಡೆಯಿರಿ. ನಿಂತ ಪ್ರೇರಿ ಡಾಗ್‌ನ ಅಗಲ ಮೂರ್ನಾಲ್ಕು ಇಂಚು ಅಷ್ಟೇ. ಮೂರಿಂಚಿನ ಕಾಗದಕ್ಕೆ ಹತ್ತರಲ್ಲಿ ಒಂಬತ್ತು ಬೀಳದ ದೂರಕ್ಕೆ ಪ್ರಾಣಿಯ ಮೇಲೆ ಹೊಡೆಯಲೇಬೇಡಿ.

*

ಮೇಲಿನವರು ಹೇಳಿದ್ದು ಸರಿ. ಸ್ಕೋಪನ್ನು ರೈಫಲ್‌ಗೆ ಕೂರಿಸುವ ಮೌಂಟ್ ಬಗ್ಗೆ ನನ್ನದೊಂದು. ಅಂಗಡಿಯಲ್ಲೇ ಕೂರಿಸಿಕೊಂಡು ಬಂದಿದ್ದೆ. ಒಂದು ದಿನ ಪೂರ್ತಿ ಗುಂಡು ಎಲ್ಲೆಲ್ಲೋ ಬಿತ್ತು. ಸ್ಕೋಪ್ ವಾಪಸ್ ಕಳಿಸಲು ಡಬ್ಬಿಗೆ ಹಾಕುವಾಗ ನೋಡಿದರೆ ಬೇಸ್‌ನ ಎರಡು ಸ್ಕ್ರೂ ಸಡಿಲ! ಈಗ ಟಾರ್ಕ್ ಸ್ಕ್ರೂಡ್ರೈವರ್ ಇಟ್ಟುಕೊಂಡು ನಾನೇ ಬಿಗಿ ಮಾಡುತ್ತೇನೆ.

ಮನೆ ಹಿಂದೆ ಅಭ್ಯಾಸಕ್ಕೆ ಸ್ಪ್ರಿಂಗ್ ಏರ್ ರೈಫಲ್ ತಗೊಳ್ಳುವ ಯೋಚನೆ ಇದ್ದರೆ, ಏರ್‌ಗನ್‌ಗೆ ಅಂತಲೇ ಮಾಡಿದ ಸ್ಕೋಪ್ ಹಾಕಿ. ಸ್ಪ್ರಿಂಗ್ ರೈಫಲ್ ಹಿಂದಕ್ಕೆ ಒದ್ದು ಆಮೇಲೆ ಮುಂದಕ್ಕೂ ಎಳೆಯುತ್ತದೆ. .223 ಮೇಲೆ ವರ್ಷಗಟ್ಟಲೆ ಬಾಳಿದ ಸ್ಕೋಪ್ ಕೂಡ ಅಲ್ಲಿ ಕೆಟ್ಟುಹೋಗಬಹುದು.

*

ಸ್ಕೋಪ್ ಬಿಡಿ, ನೀವು ಎಚ್-1ಬಿಯಲ್ಲಿ ಇದ್ದೀರಾ? ನಮ್ಮವರು ಬಹಳ ಜನ ಇಲ್ಲೇ ಎಡವುವುದು. ಆ ವೀಸಾದವರು ಬಂದೂಕು, ತೋಟಾ ಇಟ್ಟುಕೊಳ್ಳುವುದಕ್ಕೆ ಫೆಡರಲ್ ಕಾನೂನಿನಲ್ಲಿ ನಿಷೇಧ ಇದೆ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ. ಅವಧಿ ಮುಗಿಯುವ ತಾರೀಖು ಕ್ಯಾಲೆಂಡರ್‌ನಲ್ಲಿ ಹಾಕಿಡಿ. ಕೊಲೊರಾಡೋದಲ್ಲಿ ಲೈಸೆನ್ಸ್‌ಗೆ 1949ರಿಂದ ಈಚೆಗೆ ಹುಟ್ಟಿದವರೆಲ್ಲ ಹಂಟರ್ ಎಜುಕೇಷನ್ ಮುಗಿಸಿರಬೇಕು. ಪಕ್ಕದ ಯೂಟಾಕ್ಕೆ ಹೋಗುವುದಾದರೆ ಹುಷಾರು, ಅಲ್ಲಿನ ಯೂಟಾ ಪ್ರೇರಿ ಡಾಗ್ ಸಂರಕ್ಷಿತ ಪ್ರಾಣಿ.

*

ಎಲ್ಲರಿಗೂ ಥ್ಯಾಂಕ್ಸ್. ಗ್ರೀನ್ ಕಾರ್ಡ್ ಇದೆ, ಕೋರ್ಸ್ ಕೂಡ ಆಗಿದೆ. 6-24 ಆಸೆ ಬಿಟ್ಟೆ. ಮೊದಲು .22ಗೆ ರಿಮ್‌ಫೈರ್ 3-9. ಈ ಶನಿವಾರ ಮೂರಿಂಚಿನ ಕಾಗದ ಕತ್ತರಿಸಿಕೊಂಡು ಹೋಗುತ್ತೇನೆ. ಹತ್ತರಲ್ಲಿ ಎಷ್ಟು ಬಿತ್ತು ಅಂತ ಇಲ್ಲೇ ಬರೆಯುತ್ತೇನೆ, ನಗಬೇಡಿ.